ದೋಷ ನಮ್ಮ ಫೋನಿನದಲ್ಲ

ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಮಕ್ಕಳ ಬರಹಗಳನ್ನೆಲ್ಲ ಕೂಡಿಸಿ ಒಂದು ಚಿಕ್ಕ ಹೊತ್ತಿಗೆಯನ್ನು ಸಿದ್ಧಪಡಿಸಿದ್ದರು. ಅಕ್ಷರಜೋಡಣೆ ಸೊಲ್ಲಾಪುರದ ಒಂದು ಅಂಗಡಿಯಲ್ಲಿ ಆಯಿತು. ಅಚ್ಚಾಗಿ ಬಂದ ಕೆಲವೇ ಪ್ರತಿಗಳು ನೋಡಲು ಅಂದವಾಗಿಯೇ ಇದ್ದವು. ಪ್ರತಿ ಮನೆಗೂ ಅದು ತಲುಪಲೆಂದು ಗುರುಜಿಯವರು ಅಂಗಡಿಯಿಂದ ತಂದ ವರ್ಡ್ ಕಡತವನ್ನು ಪಾಲಕರ ವಾಟ್ಸಾಪ್ ಗುಂಪಿಗೆ ಕಳುಹಿಸಿದರು. ತೆರೆದು ನೋಡಿದರೆ ಕನ್ನಡದ ಒಂದಕ್ಷರವೂ ಇಲ್ಲ! ಇಂಗ್ಲಿಷ್ ಅಕ್ಷರಗಳು, ಕೊಕ್ಕೆಗಳು, ಚುಕ್ಕೆಗಳು ರಾಶಿಬಿದ್ದಿದ್ದವು. ಐದನೆಯ ಇಯತ್ತೆಯ ಹುಡುಗಿಯೊಬ್ಬಳು ತನ್ನ ಅಜ್ಜನನ್ನು ಕುರಿತು ಬರೆದ ಹತ್ತು ಸಾಲುಗಳು ಆ ರಾಶಿಯಲ್ಲಿ ಎಲ್ಲಿಯೋ ಹೂತುಹೋಗಿದ್ದವು. ಗುರುಜಿಯವರು ಫೋನ್ ಮಾಡಿ ವಿಚಾರಿಸಿದಾಗ ಆಕೆಯ ತಾಯಿ, “ನಮ್ಮ ಫೋನೇ ಹಳೇದು ಬಿಡ್ರಿ ಸರ” ಎಂದರಂತೆ. ಪಕ್ಕದಲ್ಲಿದ್ದ ಹುಡುಗಿ ಇನ್ನೊಂದು ಮಾತು ಸೇರಿಸಿದಳು: “ಮರಾಠಿ ಹಿಂಗ ಕೆಡೂದಿಲ್ಲ.”

ತಾಯಿ ದೋಷವನ್ನು ತನ್ನ ಫೋನಿನ ಮೇಲೆ ಹಾಕಿಕೊಂಡರು. ಮಗಳು ತನ್ನ ಭಾಷೆಯ ಮೇಲೆ ಹಾಕಿದಳು. ತಾಯಿಯ ಮಾತಿಗೆ ನಾವು ನಕ್ಕು ಸುಮ್ಮನಾಗಬಹುದು. ಮಗಳ ಮಾತು ಹಾಗೆ ಬಿಡತಕ್ಕದ್ದಲ್ಲ. ಮರಾಠಿಯ ನಡುವೆ ಕನ್ನಡ ಓದುವ ಮಗು ದಿನಕ್ಕೆ ಹತ್ತು ಬಾರಿ ಎರಡು ಭಾಷೆಗಳನ್ನು ತೂಗಿ ನೋಡುತ್ತದೆ. ತನ್ನದು ಕೆಡುವ ಭಾಷೆ, ಪಕ್ಕದವರದು ಕೆಡದ ಭಾಷೆ ಎಂಬ ತೀರ್ಮಾನ ಒಮ್ಮೆ ಮನಸ್ಸಿನಲ್ಲಿ ಕೂತರೆ ಯಾವ ರಾಜ್ಯೋತ್ಸವದ ಭಾಷಣವೂ ಅದನ್ನು ಕೀಳಲಾರದು. ಆದುದರಿಂದ ದೋಷ ನಿಜವಾಗಿ ಎಲ್ಲಿತ್ತು, ಅಂಥ ದೋಷಗಳು ಹೇಗೆ ತಿದ್ದಲ್ಪಡುತ್ತವೆ, ಅದರಲ್ಲಿ ನಮ್ಮ ಪಾಲೇನು ಎಂಬುದನ್ನು ಈ ವಾರ ನೋಡೋಣ.

ಮೊದಲು ಆ ಕಡತದ ಕಥೆ. ಗಣಕಯಂತ್ರಕ್ಕೆ ಕನ್ನಡ ಬಂದ ಆರಂಭದ ದಿನಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆಂದು ಮೀಸಲಾಗಿದ್ದ ಸ್ಥಾನಗಳಲ್ಲಿಯೇ ಕನ್ನಡದ ಅಕ್ಷರರೂಪಗಳನ್ನು ಕೂರಿಸಿ ಕೆಲಸ ಸಾಗಿಸಬೇಕಾಗಿತ್ತು. ಶೇಷಾದ್ರಿ ವಾಸು ಅವರು 1998ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮೊದಲಾದವು ಆ ಕಾಲದ ಕಟ್ಟುಪಾಡಿನೊಳಗೇ ಕನ್ನಡವನ್ನು ಪರದೆಗೂ ಅಚ್ಚಿಗೂ ತಂದವು. ಅವುಗಳ ಉಪಕಾರ ದೊಡ್ಡದು. ಆದರೆ ಆ ಹಳೆಯ ಪದ್ಧತಿಯಲ್ಲಿ ಅದೇ ಫಾಂಟು ಇದ್ದ ಯಂತ್ರದಲ್ಲಿ ಮಾತ್ರ ಕನ್ನಡ ಕಾಣುತ್ತದೆ. ಇಲ್ಲದ ಯಂತ್ರದಲ್ಲಿ ಒಳಗಿನ ಇಂಗ್ಲಿಷ್ ಗುರುತುಗಳು ಹೊರಬೀಳುತ್ತವೆ. ಯೂನಿಕೋಡ್ ಪದ್ಧತಿಯಲ್ಲಿ ಹಾಗಿಲ್ಲ. ಅದರಲ್ಲಿ ಸೇರಿರುವ ಪ್ರತಿ ಲಿಪಿಯ ಅಕ್ಷರಗಳಿಗೂ ಅವುಗಳದೇ ಆದ ಸಂಖ್ಯೆ ಇದೆ. ‘ಕ’ ಎಂದು ಬರೆದದ್ದು ಯಾವ ಯಂತ್ರದಲ್ಲಿಯೂ ‘ಕ’ ಆಗಿಯೇ ಉಳಿಯುತ್ತದೆ. ಹುಡುಗಿಯ ಹತ್ತು ಸಾಲುಗಳನ್ನು ಹಳೆಯ ಪದ್ಧತಿಯಲ್ಲಿ ಜೋಡಿಸಿದ್ದರು, ಅಷ್ಟೆ. ಫೋನಿನ ತಪ್ಪೂ ಇಲ್ಲ, ಭಾಷೆಯ ತಪ್ಪೂ ಇಲ್ಲ.

ಈ ಬದಲಾವಣೆಯಿಂದ ಆಗುವ ಲಾಭಕ್ಕೆ ನಮ್ಮೂರಿಗೇ ಸಂಬಂಧಿಸಿದ ಒಂದು ನಿದರ್ಶನವಿದೆ. ಸೊನ್ನಲಿಗೆಯ ಸಿದ್ಧರಾಮರ ವಚನಗಳಲ್ಲಿ ‘ಕೆರೆ’ ಎಂಬ ಮಾತು ಎಲ್ಲೆಲ್ಲಿ ಬಂದಿದೆ ಎಂದು ಹುಡುಕಬೇಕಾದರೆ ಹಿಂದೆ ಸಂಪುಟಗಳನ್ನು ಹಾಳೆ ಹಾಳೆಯಾಗಿ ತಿರುವಬೇಕಿತ್ತು. ಇಂದು ‘ವಚನ ಸಂಚಯ’ವೆಂಬ ಜಾಲತಾಣದಲ್ಲಿ ಪದವನ್ನು ಬರೆದರೆ ಸಾಕು. ಇಪ್ಪತ್ತು ಸಾವಿರಕ್ಕೂ ಮೀರಿದ ವಚನಗಳಲ್ಲಿ ಆ ಪದವಿರುವ ವಚನಗಳು ಕಣ್ಣೆದುರು ನಿಲ್ಲುತ್ತವೆ. ವಿದ್ವಾಂಸರಾದ ಓ. ಎಲ್. ನಾಗಭೂಷಣಸ್ವಾಮಿ, ಕಥೆಗಾರ ವಸುಧೇಂದ್ರ, ತಂತ್ರಜ್ಞ ಓಂಶಿವಪ್ರಕಾಶ್ ಮೊದಲಾದವರು ಕೂಡಿ ಮಾಡಿದ ಕೆಲಸವಿದು. ಸಾಹಿತ್ಯ ಬಲ್ಲವರು ತಮಗೇನು ಬೇಕೆಂದು ಹೇಳಿದರು; ಯಂತ್ರ ಬಲ್ಲವರು ಅದನ್ನು ಕೇಳಿಸಿಕೊಂಡು ಕಟ್ಟಿದರು. ಒಬ್ಬರ ಮಾತಿಲ್ಲದೆ ಇನ್ನೊಬ್ಬರ ಕೈ ಎತ್ತ ಸಾಗಬೇಕೆಂದು ತಿಳಿಯುತ್ತಿರಲಿಲ್ಲ.

ಮುಕ್ತ ತಂತ್ರಾಂಶ ಎಂದು ಕರೆಯುವುದರ ತಿರುಳು ಇಲ್ಲಿದೆ. ಅಂಥ ತಂತ್ರಾಂಶದ ಒಳರಚನೆಯನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಊರ ಕೆರೆಯಂತೆ ಅದು ಎಲ್ಲರದು. ಸಿದ್ಧರಾಮರು ಕಟ್ಟಿಸಿದರೆಂದು ನಾವು ನೆನೆಯುವ ಕೆರೆಯೂ ಊರವರ ಬುಟ್ಟಿ ಬುಟ್ಟಿ ಮಣ್ಣಿನಿಂದ ಎದ್ದದ್ದಲ್ಲವೆ? ಏರಿಯಲ್ಲಿ ಬಿರುಕು ಕಂಡವನು ಅದನ್ನು ಹೇಳದೆ ಮನೆಗೆ ಹೋದರೆ ಕಟ್ಟುವವರು ಎಷ್ಟು ಜಾಣರಿದ್ದರೂ ಪ್ರಯೋಜನವಿಲ್ಲ. ಮುಕ್ತ ತಂತ್ರಾಂಶಗಳಲ್ಲಿ ಬಿರುಕು ಹೇಳುವುದಕ್ಕೂ ಒಂದು ಕ್ರಮವಿದೆ. ಬಳಸುವವರೊಬ್ಬರು ದೋಷವನ್ನು ಬರೆದು ತಿಳಿಸುತ್ತಾರೆ. ಅದಕ್ಕೊಂದು ಕ್ರಮಸಂಖ್ಯೆ ಬೀಳುತ್ತದೆ. ಬೇರೆ ಊರಿನವರು “ನಮ್ಮಲ್ಲಿಯೂ ಹೀಗೆಯೇ” ಎನ್ನುತ್ತಾರೆ. ಕಟ್ಟುವವರು ಮರುಪ್ರಶ್ನೆ ಕೇಳುತ್ತಾರೆ. ಕಡೆಗೆ ಮುಂದಿನ ಆವೃತ್ತಿಯಲ್ಲಿ ತಿದ್ದುಪಡಿ ಬರುತ್ತದೆ. ಈ ಮಾತುಕತೆಯೆಲ್ಲ ಬಹಿರಂಗವಾಗಿಯೇ ನಡೆಯುತ್ತದೆ.

ಈಗ ಹುಡುಗಿಯ ಮಾತಿಗೆ ಬರೋಣ. ಮರಾಠಿ ಕೆಡುವುದಿಲ್ಲವೆ? ಕೆಡುತ್ತಿತ್ತು. ಹಳೆಯ ಫಾಂಟುಗಳ ಕಾಟ ಮರಾಠಿಗೂ ಇದ್ದೇ ಇತ್ತು. ಅದಲ್ಲದೆ ಮರಾಠಿಗೇ ವಿಶಿಷ್ಟವಾದ ಒಂದು ತೊಡಕೂ ಇತ್ತು. ಮರಾಠಿಯಲ್ಲಿ ‘ಆಚಾರ್ಯಾಸ’ ಎಂದರೆ ಗುರುವಿಗೆ. ‘ಆಚಾರ‍್ಯಾಸ’ ಎಂದರೆ ಅಡುಗೆಯವನಿಗೆ. ‘ದರ್ಯಾ’ ಎಂದರೆ ಕಡಲು. ‘ದರ‍್ಯಾ’ ಎಂದರೆ ಕಣಿವೆಗಳು. ಮೊದಲನೆಯದರಲ್ಲಿ ರಕಾರ ತಲೆಯ ಮೇಲೆ ಕೊಕ್ಕೆಯಾಗಿ ಕೂರುತ್ತದೆ. ಎರಡನೆಯದರಲ್ಲಿ ಕಣ್ಣಿನ ರೆಪ್ಪೆಗೂದಲಿನಂಥ ಗೆರೆಯಾಗಿ ಪಕ್ಕದಲ್ಲಿ ನಿಲ್ಲುತ್ತದೆ. ನಮ್ಮ ಮಕ್ಕಳು ಮರಾಠಿಯನ್ನೂ ಓದುವುದರಿಂದ ಈ ಭೇದ ಅವರಿಗೆ ಗೊತ್ತು. ಹಿಂದಿಗೆ ಈ ಭೇದ ಬೇಡ. ದೇವನಾಗರಿ ಎಂದರೆ ಹಿಂದಿ ಎಂದಷ್ಟೇ ತಿಳಿದು ಕಟ್ಟಿದ ಸಾಧನದಲ್ಲಿ ಗುರುವೂ ಅಡುಗೆಯವನೂ ಒಂದೇ ಆಗಿಬಿಡುತ್ತಾರೆ. ಇಂದು ಈ ರೆಪ್ಪೆಯ ರಕಾರವನ್ನು ಬರೆಯುವ ವಿಧಿ ಯೂನಿಕೋಡ್ ನಿಯಮಗಳಲ್ಲಿ ಸ್ಪಷ್ಟವಾಗಿ ನಮೂದಾಗಿದೆ. ಅದು ತಾನಾಗಿ ಬಂದದ್ದಲ್ಲ. ಮರಾಠಿಗೆ ಇದು ಬೇಕೇ ಬೇಕು ಎಂದು ಬಲ್ಲವರು ಹೇಳಿದ್ದರಿಂದ ಬಂತು.

ಕನ್ನಡಕ್ಕೂ ಇದೇ ಬಗೆಯ ಭೇದವಿದೆ. ‘ಕಾರ್ಯ’ ಎಂದು ಬರೆಯುವಾಗ ಅರ್ಕಾವೊತ್ತು ಬೇಕು. ‘ರ‍್ಯಾಂಕ್’, ‘ರ‍್ಯಾಲಿ’ ಎಂದು ಬರೆಯುವಾಗ ರಕಾರ ಮುಂದೆ ನಿಂತು ಯಕಾರ ಅದರ ಒತ್ತಾಗಬೇಕು. ಇದಕ್ಕಾಗಿ ರಕಾರದ ನಂತರ ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆಯನ್ನು ಸೇರಿಸುವ ನಿಯಮವಿದೆ. ಕೆಲವು ಕೀಲಿಮಣೆಗಳಲ್ಲಿ ಆ ಚಿಹ್ನೆಗೆ ಕೀಲಿಯೇ ಇರುವುದಿಲ್ಲ. ಆಗ ಸ್ವಾತಂತ್ರ್ಯೋತ್ಸವದ ರ‍್ಯಾಲಿಯ ವರದಿ ಬರೆಯುವ ಮಗು ಅರ್ಕಾವೊತ್ತಿನೊಡನೆ ಗುದ್ದಾಡಿ ಸೋತು ‘ಮೆರವಣಿಗೆ’ ಎಂದು ಬರೆದು ಮುಗಿಸುತ್ತದೆ. ಮೆರವಣಿಗೆ ಒಳ್ಳೆಯ ಮಾತೇ ಹೌದು. ಆದರೆ ಬರೆಯುವ ಮಾತನ್ನು ಆರಿಸಬೇಕಾದವರು ಮಕ್ಕಳು, ಯಂತ್ರವಲ್ಲ. ಹಳಗನ್ನಡದ ಬರವಣಿಗೆಯಲ್ಲಿದ್ದ ‘ನಕಾರ ಪೊಲ್ಲು’ ಎಂಬ ಅಕ್ಷರಕ್ಕೆ 2021ರಲ್ಲಿ ಬಂದ ಯೂನಿಕೋಡ್‌ನ 14ನೆಯ ಆವೃತ್ತಿಯಲ್ಲಿ ಸ್ಥಾನ ದೊರೆಯಿತು. ಶತಮಾನಗಳ ಹಿಂದಿನ ಒಂದು ಅಕ್ಷರಕ್ಕೂ ಯಾರೋ ಆಧಾರ ಸಹಿತ ಮನವಿ ಬರೆದರೆ ಇಂದು ಜಾಗ ಸಿಗುತ್ತದೆ. ಹಾಗಿರುವಾಗ ನಾವು ದಿನನಿತ್ಯ ಬಳಸುವ ಅಕ್ಷರದ ತೊಡಕನ್ನು ಹೇಳಲು ಏಕೆ ಹಿಂಜರಿಯಬೇಕು?

ಒಬ್ಬರು ಹೇಳಿದ ತೊಡಕು ಇನ್ನೊಬ್ಬರಿಗೆ ದಾರಿಯಾಗುವುದೂ ಉಂಟು. ಪುಸ್ತಕ, ಪತ್ರಿಕೆಗಳ ಪುಟವಿನ್ಯಾಸಕ್ಕೆ ‘ಸ್ಕ್ರೈಬಸ್’ ಎಂಬ ಮುಕ್ತ ತಂತ್ರಾಂಶವಿದೆ. ಬಹುಕಾಲ ಅದರಲ್ಲಿ ರೋಮನ್ ಮೊದಲಾದ ಸರಳ ಲಿಪಿಗಳಷ್ಟೇ ಸರಿಯಾಗಿ ಕೂರುತ್ತಿದ್ದವು. ಅಕ್ಷರಗಳು ಒಂದಕ್ಕೊಂದು ಬೆಸೆದುಕೊಳ್ಳುವ ಅರಬ್ಬಿಗೂ ಒತ್ತಕ್ಷರಗಳ ಕನ್ನಡಕ್ಕೂ ಅಲ್ಲಿ ನೆಲೆಯಿರಲಿಲ್ಲ. ತಮ್ಮ ಅರಬ್ಬಿಗಾಗಿ ಓಮಾನ್ ದೇಶದ ತಂತ್ರಜ್ಞರ ತಂಡವೊಂದು ಈ ಕೆಲಸಕ್ಕೆ ಕೈಹಾಕಿತು. ಅಕ್ಷರಗಳನ್ನು ಬೆಸೆಯಲು ‘ಹರ್ಫ್‌ಬಜ್’ ಎಂಬ ಮುಕ್ತ ಸಾಧನವನ್ನು ಅದರೊಳಗೆ ಜೋಡಿಸಿತು. ಆ ಹೆಸರು ಪಾರಸಿಯಿಂದ ಬಂದದ್ದು. ಹರ್ಫ್ ಎಂದರೆ ಅಕ್ಷರವೆಂಬುದು ಉರ್ದು ಕೇಳಿ ಬೆಳೆದ ಸೊಲ್ಲಾಪುರದವರಿಗೆ ಹೇಳಬೇಕಿಲ್ಲ. 2017ರಲ್ಲಿ ಬಂದ ಸ್ಕ್ರೈಬಸ್‌ನ 1.5.3ನೆಯ ಆವೃತ್ತಿಯಲ್ಲಿ ಇದರ ಫಲ ಕಾಣಿಸಿತು. ಅರಬ್ಬಿಗೆಂದು ತೋಡಿದ ಕಾಲುವೆಯಲ್ಲಿ ಭಾರತೀಯ ಲಿಪಿಗಳಿಗೂ ನೀರು ಹರಿಯಿತು.

ಅದನ್ನು ಚೆನ್ನಾಗಿ ಬಳಸಿಕೊಂಡವರು ಕೇರಳದವರು. ‘ಜನಯುಗಂ’ ಎಂಬ ಮಲಯಾಳ ದಿನಪತ್ರಿಕೆ 2019ರಲ್ಲಿ ಹಳೆಯ ಫಾಂಟುಗಳನ್ನೂ ಹಣ ತೆತ್ತು ಕೊಳ್ಳುವ ತಂತ್ರಾಂಶಗಳನ್ನೂ ಬಿಟ್ಟು ಸ್ಕ್ರೈಬಸ್ ಮತ್ತು ಯೂನಿಕೋಡ್ ಫಾಂಟುಗಳಿಗೆ ಬದಲಾಯಿತು. ದಿನಪತ್ರಿಕೆಯೆಂದರೆ ರಾತ್ರಿಯ ಗಡುವು ತಪ್ಪುವಂತಿಲ್ಲ. ಪುಟ ಕಟ್ಟುವವರು ಎದುರಿಸಿದ ತೊಡಕುಗಳನ್ನು ಅಲ್ಲಿಯ ಮುಕ್ತ ತಂತ್ರಾಂಶ ಬಳಗದವರೂ ಅಕ್ಷರಶಿಲ್ಪಿಗಳೂ ಕೂತು ಕೇಳಿದರು. ಹಾಗೆ ಕೇಳಿಸಿಕೊಂಡದ್ದರಿಂದ ಸಾಧನ ಪತ್ರಿಕೆಯ ಕೆಲಸಕ್ಕೆ ಹದಗೊಂಡಿತು. ಒಂದು ದಿನಪತ್ರಿಕೆಗೆ ಸಾಲುವ ಸಾಧನ ನಮ್ಮ ಶಾಲೆಯ ಚಿಕ್ಕ ಹೊತ್ತಿಗೆಗೆ ಸಾಲದೆ ಇದ್ದೀತೆ?

“ನಾವು ಕೆಲವೇ ಮಂದಿ, ನಮ್ಮ ಮಾತನ್ನು ಯಾರು ಕೇಳುತ್ತಾರೆ?” ಎಂದು ನೀವು ಕೇಳಬಹುದು. ಗಡಿಯ ಕನ್ನಡಿಗರ ಬಾಯಲ್ಲಿ ಈ ಪ್ರಶ್ನೆ ಸಹಜ. ಇದಕ್ಕೆ ಉತ್ತರವಾಗಿ ‘ವಿಕಿಸೋರ್ಸ್’ನ ಪ್ರಸಂಗವನ್ನು ಹೇಳಬೇಕು. ವಿಕಿಪೀಡಿಯ ಎಲ್ಲರಿಗೂ ಗೊತ್ತು. ಅದರ ತಮ್ಮನಂತಿರುವ ವಿಕಿಸೋರ್ಸ್ ಒಂದು ಮುಕ್ತ ಗ್ರಂಥಾಲಯ. ಹಕ್ಕುಸ್ವಾಮ್ಯ ಮುಗಿದ ಅಥವಾ ಮುಕ್ತವಾಗಿ ಬಿಟ್ಟುಕೊಟ್ಟ ಪುಸ್ತಕಗಳ ಪುಟಚಿತ್ರವನ್ನು ಒಂದು ಬದಿಗಿಟ್ಟು ಇನ್ನೊಂದು ಬದಿಯಲ್ಲಿ ಅಕ್ಷರಗಳನ್ನು ತಿದ್ದುತ್ತಾರೆ. ಒಬ್ಬರು ತಿದ್ದಿದ ಪುಟಕ್ಕೆ ಹಳದಿ ಗುರುತು. ಮತ್ತೊಬ್ಬರು ಪರಿಶೀಲಿಸಿದ ಮೇಲೆ ಹಸಿರು ಗುರುತು. ಮೈಸೂರು ವಿಶ್ವವಿದ್ಯಾನಿಲಯದ 14 ಸಂಪುಟಗಳ ಕನ್ನಡ ವಿಶ್ವಕೋಶದ ಅನೇಕ ಲೇಖನಗಳು ಕನ್ನಡ ವಿಕಿಸೋರ್ಸ್‌ನಲ್ಲಿ ಓದಲು ದೊರೆಯುತ್ತವೆ.

ಈ ಯೋಜನೆಗಳನ್ನು ನಡೆಸುವ ವಿಕಿಮೀಡಿಯ ಸಂಸ್ಥೆ ಯಾವ ಸೌಲಭ್ಯವನ್ನು ಮೊದಲು ಕಟ್ಟಬೇಕೆಂದು ಬಳಕೆದಾರರನ್ನೇ ಕೇಳಿ ಮತ ಹಾಕಿಸುವ ಪದ್ಧತಿಯನ್ನು 2015ರಿಂದ ಆರಂಭಿಸಿತು. ಮತವೆಂದ ಮೇಲೆ ಮಂದಿ ಹೆಚ್ಚಿದ್ದವರೇ ಗೆಲ್ಲುತ್ತಾರೆ. ವಿಕಿಪೀಡಿಯದ ದೊಡ್ಡ ಗುಂಪಿನ ಮುಂದೆ ವಿಕಿಸೋರ್ಸ್‌ನ ಬೆರಳೆಣಿಕೆಯ ದುಡಿಮೆಗಾರರ ಕೋರಿಕೆ ಮೇಲೆ ಬರುವುದು ಕಷ್ಟವಾಗಿತ್ತು. 2020ರ ಸಾಲಿನ ಕೋರಿಕೆಗಳಿಗೆ ಆ ನಿಯಮವನ್ನೇ ಬದಲಿಸಿದರು. ಆ ಬಾರಿ ವಿಕಿಪೀಡಿಯವನ್ನು ಹೊರಗಿಟ್ಟು ಚಿಕ್ಕ ಯೋಜನೆಗಳಿಗೆ ಮಾತ್ರ ಅವಕಾಶ ಕೊಟ್ಟರು. ಆಗ ಮೊದಲ ಎರಡು ಸ್ಥಾನಗಳೂ ವಿಕಿಸೋರ್ಸ್‌ನ ಕೋರಿಕೆಗಳಿಗೇ ದೊರೆತವು: ತಿದ್ದಿದ ಪುಸ್ತಕವನ್ನು ಇ-ಪುಸ್ತಕವಾಗಿ ಇಳಿಸಿಕೊಳ್ಳುವ ಸಾಧನ ಸುಧಾರಿಸಬೇಕು ಎಂಬುದು ಮೊದಲನೆಯದು, ಪುಟಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ಹೊಸ ಸಾಧನ ಬೇಕು ಎಂಬುದು ಎರಡನೆಯದು. ಎರಡೂ ಕೆಲಸಗಳು ನಡೆದವು. ಇಳಿಸಿಕೊಳ್ಳುವ ಗುಂಡಿ ಪುಸ್ತಕದ ಪುಟದಲ್ಲೇ ಕಾಣುವಂತಾಯಿತು. ರೋಮನ್ ಅಲ್ಲದ ಲಿಪಿಗಳ ಫಾಂಟಿನ ಸಮಸ್ಯೆಗೂ ಗಮನ ಸಂದಿತು.

ಇದರಿಂದ ನಾವು ತಿಳಿಯಬೇಕಾದದ್ದು ಎರಡು. ಚಿಕ್ಕ ಗುಂಪಿಗೆ ನ್ಯಾಯ ದೊರೆಯಬೇಕಾದರೆ ತಲೆ ಎಣಿಸುವ ಕ್ರಮವೇ ಕೆಲವೊಮ್ಮೆ ಬದಲಾಗಬೇಕು. ಭಾಷಿಕ ಅಲ್ಪಸಂಖ್ಯಾತರಾದ ನಮಗೆ ಇದನ್ನು ವಿವರಿಸಬೇಕಿಲ್ಲ. ಎರಡನೆಯದಾಗಿ, ಬಾಗಿಲು ತೆರೆದ ದಿನ ಆ ಬೆರಳೆಣಿಕೆಯವರು ಸಿದ್ಧರಾಗಿದ್ದರು. ತಮಗೇನು ಕೊರತೆ ಎಂಬುದನ್ನು ಸ್ಪಷ್ಟವಾಗಿ ಬರೆದಿಟ್ಟುಕೊಂಡಿದ್ದರು. ಗೊಣಗುವವರ ಕೈಯಲ್ಲಿ ಅಂಥ ಬರಹ ಇರುವುದಿಲ್ಲ.

ಹೇಳಿದ್ದೆಲ್ಲ ಆಗಿಬಿಡುತ್ತದೆ ಎಂದು ನಾನು ಆಸೆ ಹುಟ್ಟಿಸಲಾರೆ. ಇಂಥ ತಂತ್ರಾಂಶಗಳಲ್ಲಿ ಅನೇಕವನ್ನು ಕಟ್ಟುವವರು ತಮ್ಮ ಬಿಡುವಿನ ವೇಳೆಯಲ್ಲಿ ಕೂಲಿಯಿಲ್ಲದೆ ದುಡಿಯುವವರು. ವರ್ಷಗಟ್ಟಲೆ ಉತ್ತರ ಕಾಣದ ಕೋರಿಕೆಗಳೂ ಇರುತ್ತವೆ. ಮಾತುಕತೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುವುದೂ ನಮಗೊಂದು ಗೋಡೆ. ಹೊಲದಿಂದ, ಮಗ್ಗದಿಂದ, ಬೀಡಿಯ ಮೊರದಿಂದ ಎದ್ದುಬಂದ ತಾಯಿ ಇಂಗ್ಲಿಷಿನಲ್ಲಿ ದೂರು ಬರೆಯಲಿ ಎನ್ನುವುದು ಕ್ರೂರವಾದೀತು. ಆದರೆ ಸೊಲ್ಲಾಪುರದ ಕಾಲೇಜುಗಳಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನಮ್ಮದೇ ಹಳ್ಳಿಗಳ ಹುಡುಗ ಹುಡುಗಿಯರಿದ್ದಾರೆ. ತಾಯಿ ಕನ್ನಡದಲ್ಲಿ ಹೇಳಿದ್ದನ್ನು ಅವರು ಇಂಗ್ಲಿಷಿಗೆ ದಾಟಿಸಬಲ್ಲರು. ದೋಷ ಕಂಡವರು ಒಬ್ಬರು, ಬರೆದವರು ಇನ್ನೊಬ್ಬರು ಆದರೆ ತಪ್ಪೇನೂ ಇಲ್ಲ.

ನಮ್ಮ ಕಡೆಯ ಅನುಭವ ಬೇರೆಯವರಲ್ಲಿ ಇಲ್ಲದ್ದು ಎಂಬುದನ್ನೂ ಮರೆಯಬಾರದು. 1967ರಲ್ಲಿ ಸ್ಥಾಪನೆಯಾದ ಪುಣೆಯ ಬಾಲಭಾರತಿ ಕನ್ನಡವೂ ಸೇರಿದಂತೆ ಎಂಟು ಭಾಷೆಗಳ ಮಾಧ್ಯಮಗಳಿಗೆ ಪಠ್ಯಪುಸ್ತಕ ಕೊಡುತ್ತದೆ. ಅವುಗಳಲ್ಲಿರುವ ಚೌಕುಳಿಯ ಕ್ಯೂಆರ್ ಗುರುತನ್ನು ಫೋನಿಗೆ ತೋರಿಸಿದರೆ ತೆರೆಯುವ ‘ದೀಕ್ಷಾ’ 2017ರಲ್ಲಿ ಆರಂಭವಾದದ್ದು. ಅದು ನಿಂತಿರುವುದು ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನ ಕಟ್ಟಿದ ‘ಸನ್‌ಬರ್ಡ್’ ಎಂಬ ಮುಕ್ತ ತಂತ್ರಾಂಶದ ಮೇಲೆ. ಪ್ರಥಮ್ ಬುಕ್ಸ್ ಸಂಸ್ಥೆ 2015ರ ಸೆಪ್ಟೆಂಬರ್ 8ರಂದು, ಅಂತಾರಾಷ್ಟ್ರೀಯ ಸಾಕ್ಷರತಾ ದಿನದಂದು, ತೆರೆದ ‘ಸ್ಟೋರಿವೀವರ್’ನಲ್ಲಿ ಮಕ್ಕಳ ಕಥೆಗಳನ್ನು ಯಾರು ಬೇಕಾದರೂ ಓದಬಹುದು, ಅನುವಾದಿಸಬಹುದು, ಅಚ್ಚು ಹಾಕಬಹುದು. ಕನ್ನಡ ಮತ್ತು ಮರಾಠಿ ಎರಡನ್ನೂ ಒಂದೇ ಬೆಂಚಿನಲ್ಲಿ ಕೂತು ಓದುವ ಮಕ್ಕಳಿಗೆ ಇವೆಲ್ಲ ಹೇಗೆ ಒದಗುತ್ತವೆ, ಎಲ್ಲಿ ಎಡವುತ್ತವೆ ಎಂಬುದನ್ನು ಬೆಂಗಳೂರಿನಲ್ಲಿ ಕೂತವರು ಊಹಿಸಲಾರರು, ಪುಣೆಯಲ್ಲಿ ಕೂತವರೂ ಊಹಿಸಲಾರರು. ಒಂದೇ ಪುಟದಲ್ಲಿ ಕನ್ನಡವನ್ನೂ ದೇವನಾಗರಿಯನ್ನೂ ಇಟ್ಟಾಗ ಸಾಲುಗಳು ಏರುಪೇರಾಗುತ್ತವೆಯೆ? ಮರಾಠಿಯ ಊರಿನ ಹೆಸರನ್ನು ಕನ್ನಡದಲ್ಲಿ ಬರೆದರೆ ಹುಡುಕಾಟದಲ್ಲಿ ಸಿಗುತ್ತದೆಯೆ? ಇವಕ್ಕೆ ಉತ್ತರ ಬಲ್ಲವರು ಅಕ್ಕಲಕೋಟ, ದುಧನಿ, ಮೈಂದರ್ಗಿ, ನಾಗಣಸೂರುಗಳ ಮನೆಗಳಲ್ಲಿದ್ದಾರೆ.

ಹಾಗಾದರೆ ಹೇಗೆ ಹೇಳಬೇಕು? “ಕನ್ನಡ ಸರಿ ಬರುವುದಿಲ್ಲ” ಎಂದರೆ ಯಾರಿಗೂ ಏನೂ ತಿಳಿಯದು. ವೈದ್ಯರ ಬಳಿ “ಆರಾಮಿಲ್ಲ” ಎಂದಷ್ಟೇ ಹೇಳಿ ಸುಮ್ಮನೆ ಕೂತಂತೆ ಅದು. ನಾಲ್ಕು ಸಾಲು ಸಾಕು. ಮೊದಲ ಸಾಲಿನಲ್ಲಿ ಯಾವ ಫೋನು ಅಥವಾ ಗಣಕ, ಯಾವ ತಂತ್ರಾಂಶ, ಅದರ ಎಷ್ಟನೆಯ ಆವೃತ್ತಿ ಎಂಬುದು. ಎರಡನೆಯದರಲ್ಲಿ ನೀವು ಏನು ಮಾಡಿದಿರಿ, ಯಾವ ಪದ ಬರೆದಿರಿ ಎಂಬುದು. ಮೂರನೆಯದರಲ್ಲಿ ಪರದೆಯ ಮೇಲೆ ಏನು ಕಂಡಿತು ಎಂಬುದು. ಅದರ ಚಿತ್ರವಿದ್ದರೆ ಉತ್ತಮ. ನಾಲ್ಕನೆಯದರಲ್ಲಿ ಅದು ಹೇಗೆ ಕಾಣಬೇಕಿತ್ತು ಎಂಬುದು. ಈ ನಾಲ್ಕನೆಯ ಸಾಲಿಗೆ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ ನಮ್ಮ ಮಕ್ಕಳ ಕೈಬರಹ. ಮಗು ಪಾಟಿಯ ಮೇಲೆ ದುಂಡಗೆ ಬರೆದ ಅಕ್ಷರದ ಫೋಟೊ, ಅಥವಾ ಪಠ್ಯಪುಸ್ತಕದಲ್ಲಿ ಅದೇ ಅಕ್ಷರ ಅಚ್ಚಾದ ಸಾಲಿನ ಫೋಟೊ, ಕನ್ನಡ ಬಾರದ ತಂತ್ರಜ್ಞನಿಗೂ ದೋಷವನ್ನು ಕ್ಷಣದಲ್ಲಿ ತಿಳಿಸುತ್ತದೆ. ಶಾಲಾ ವ್ಯವಸ್ಥಾಪನ ಸಮಿತಿಯ ಸಭೆಯಲ್ಲಿ ಇಂಥ ದೋಷಗಳಿಗೆಂದು ಒಂದು ವಹಿ ಇಟ್ಟು ತಿಂಗಳಿಗೊಮ್ಮೆ ತಿರುವಿದರೂ ಸಾಕು. ವರ್ಷದ ಕೊನೆಗೆ ನಮ್ಮ ಕೈಯಲ್ಲೂ ಸಿದ್ಧವಾದ ಬರಹವೊಂದು ಇರುತ್ತದೆ.

ಆ ಹಳ್ಳಿಯ ಹೊತ್ತಿಗೆಯ ಕಥೆ ಮುಂದುವರಿಯಿತು. ಊರಿನ ಕಾಲೇಜು ಹುಡುಗನೊಬ್ಬ ದೀಪಾವಳಿಯ ರಜೆಗೆ ಬಂದಾಗ ಹಳೆಯ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿ ಕೊಟ್ಟ. ಗುರುಜಿಯವರು ಅದನ್ನು ಮತ್ತೆ ಗುಂಪಿಗೆ ಕಳುಹಿಸಿದರು. ಅದೇ ಹಳೆಯ ಫೋನಿನಲ್ಲಿ ಹುಡುಗಿಯ ಅಜ್ಜನ ಹತ್ತು ಸಾಲುಗಳು ಮುತ್ತಿನಂತೆ ತೆರೆದುಕೊಂಡವು. ತಾಯಿ ಗಟ್ಟಿಯಾಗಿ ಓದಿದರು, ಅಜ್ಜ ಕೇಳಿದರು. ಹುಡುಗಿ ಮಾತ್ರ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಲೇ ಇದ್ದಳು. ಏಳನೆಯ ಸಾಲಿನ ‘ರ‍್ಯಾಲಿ’ಯಲ್ಲಿ ಅರ್ಕಾವೊತ್ತು ತಪ್ಪಾಗಿ ಕೂತಿತ್ತು.

“ಇದ ತಪ್ಪೈತಿ. ಯಾರಿಗೆ ಹೇಳಬೇಕ್ರಿ ಸರ?” ಎಂದು ಮರುದಿನ ಶಾಲೆಯಲ್ಲಿ ಕೇಳಿದಳಂತೆ.

ಗುರುಜಿಯವರು ಪಾಟಿಯನ್ನು ಅವಳ ಕೈಗೆ ಕೊಟ್ಟು, ಮೊದಲು ಸರಿಯಾದದ್ದನ್ನು ದೊಡ್ಡದಾಗಿ ಬರೆ ಎಂದರು.